ಪಂಪ್‌ಹೌಸ್ ಗೋಡೆಯ ಹನ್ನೆರಡು ಜನ

ಸಿನಿಮಾದವರು ಬರುತ್ತಾರೆ ಎಂದು ಗೊತ್ತಾದ ದಿನ ನಾನು ಮೂರು ಸಲ ತಲೆ ಬಾಚಿಕೊಂಡೆ. ಐವತ್ತು ವರ್ಷದ ಹೆಂಗಸು ನಾನು, ಪುರಸಭೆಯಲ್ಲಿ ಗೋಡೆಗೆ ಸುಣ್ಣ ಹೊಡೆಯುವ ಕೆಲಸ, ತಲೆಯಲ್ಲಿ ನರೆ ಎಷ್ಟು ಸುಣ್ಣ ಎಷ್ಟು ಎಂದು ನನಗೇ ತಿಳಿಯುವುದಿಲ್ಲ. ಆದರೂ ಬಾಚಿದೆ. ನಾನೇನು, ಊರಿಗೆ ಊರೇ ಕನ್ನಡಿ ಮುಂದೆ ನಿಂತಿತ್ತು. ಕ್ಷೌರದ ಅಂಗಡಿಯ ಪಾಪಣ್ಣ ಒಂದೇ ದಿನ ನಲವತ್ತು ಗಡ್ಡ ಕೆರೆದು, ಸಂಜೆ ಹೊತ್ತಿಗೆ ತನ್ನ ಗಡ್ಡ ಕೆರೆದುಕೊಳ್ಳಲು ಕೈಯಲ್ಲಿ ಬಲವಿಲ್ಲದೆ ಕೂತುಬಿಟ್ಟಿದ್ದ. ನಮ್ಮ ಊರಿಗೆ ಹೊರಗಿನವರು ಬರುವುದೇ ಅಪರೂಪ. ಅದರಲ್ಲೂ ಕ್ಯಾಮೆರಾ ಹೊತ್ತುಕೊಂಡು ಬಂದವರು ಇವರೇ ಮೊದಲು.

ಬಂದವರು ಇಬ್ಬರೇ ಇಬ್ಬರು. ತಬಸ್ಸುಮ್ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಅವಳ ಜೊತೆ ಕ್ಯಾಮೆರಾ ಹಿಡಿಯುವ ವಿಲ್ಸನ್. ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಏನೋ ಬರೆಸಿದ್ದ ಬಿಳಿ ಜೀಪು. ಅದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇ ತಡ, ಜನ ಮುತ್ತಿಕೊಂಡರು. "ಹೀರೋ ಎಲ್ಲಿ ಮೇಡಂ?" ಎಂದ ಒಬ್ಬ. "ಹಾಡು ಎಷ್ಟೈತೆ?" ಎಂದ ಇನ್ನೊಬ್ಬ. "ಫೈಟಿಂಗ್ ಇದ್ರೆ ಹೇಳಿ, ಒದೆ ತಿನ್ನೋಕೆ ನಮ್ಮ ತಮ್ಮ ಅವ್ನೆ," ಎಂದು ಪಾಪಣ್ಣ ತಮ್ಮನನ್ನು ಮುಂದೆ ತಳ್ಳಿದ. ತಬಸ್ಸುಮ್ ನಕ್ಕಳು. "ಆ ಥರದ ಸಿನಿಮಾ ಅಲ್ಲಪ್ಪ ಇದು, ಸಾಕ್ಷ್ಯಚಿತ್ರ. ನಿಮ್ಮೂರಲ್ಲಿ ನಾಗಲಿಂಗಾಚಾರಿ ಅಂತ ಒಬ್ಬರು ಪೇಂಟರ್ ಇದ್ರಲ್ಲ, ಅವರ ಜೀವನದ ಮೇಲೆ."

ಸುಮಾರು ಒಂದು ಗಂಟೆ ಹೊತ್ತು ಊರಿನಲ್ಲಿ ಯಾರೂ ಕೆಮ್ಮಲೂ ಇಲ್ಲ. ಆಮೇಲೆ ನೋಡಬೇಕಿತ್ತು! ಆಚಾರ್ರು ಎಂದರೆ ಎಲ್ಲರಿಗೂ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು. ಪಾಪಣ್ಣ ತಾನು ಅವರಿಗೆ ಬಿಟ್ಟಿ ಕ್ಷೌರ ಮಾಡುತ್ತಿದ್ದೆ ಎಂದ. ಆಚಾರ್ರು ಊರು ಬಿಟ್ಟಾಗ ಅವನಿನ್ನೂ ತೊಟ್ಟಿಲಲ್ಲಿದ್ದ ಕೂಸು. ನಿವೃತ್ತ ಮೇಷ್ಟರು ಒಬ್ಬರು, ಆಚಾರ್ರು ದಿನವೂ ಸಂಜೆ ತಮ್ಮ ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು ಎಂದು ಕ್ಯಾಮೆರಾ ಮುಂದೆ ಕಣ್ಣು ಒರೆಸಿಕೊಂಡರು. ಆ ಜಗಲಿಗೆ ಆಚಾರ್ರನ್ನು ಹತ್ತಿಸದೆ, ಬೋರ್ಡು ಬರೆಸಿಕೊಂಡು ಬೀದಿಯಲ್ಲೇ ಸಾಗಹಾಕುತ್ತಿದ್ದವರು ಇದೇ ಮೇಷ್ಟರ ಅಪ್ಪ. ನಾನು ಎಲ್ಲ ನೋಡುತ್ತಾ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾ ಇದ್ದೆ. ನಗುತ್ತಲೇ ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಜನರ ಹಿಂದೆ ಸರಿದುಕೊಂಡೆ. ಏಕೆಂದರೆ ಅವರು ಹುಡುಕಿಕೊಂಡು ಬಂದ ಚಿತ್ರ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ತಿಂಗಳು ತಿಂಗಳೂ ಕಣ್ಣಿಟ್ಟು ನೋಡುತ್ತಿದ್ದವಳು ಮಾತ್ರ ನಾನೊಬ್ಬಳೇ.

ನಮ್ಮ ಊರಿನಲ್ಲಿ ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತೂವರೆಗೆ ಬಣ್ಣ ಉದುರುತ್ತದೆ. ಬಳಿದದ್ದು ಎಂಬುದೆಲ್ಲ, ಬಾಗಿಲ ಮೇಲಿನ ಹೆಸರು, ಅಂಗಡಿಯ ಬೋರ್ಡು, ಬಸ್ಸಿನ ನಂಬರು, ಶಾಲೆಯ ಕರಿಹಲಗೆಯ ಕಪ್ಪು, ಗೋಡೆಯ ಸುಣ್ಣ, ಎಲ್ಲವೂ ನವಿರಾದ ಪುಡಿಯಾಗಿ ನೆಲಕ್ಕೆ ಇಳಿಯುತ್ತದೆ. ನಮ್ಮ ಅಜ್ಜಿಯ ಕಾಲದಿಂದಲೂ ಹೀಗೇ. ಅವತ್ತು ಹತ್ತು ಗಂಟೆಗೆಲ್ಲ ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತೇವೆ, ಒಣಹಾಕಿದ ಬಟ್ಟೆ ಒಳಗೆ ತರುತ್ತೇವೆ, ಬಾಗಿಲ ಬಳಿ ಪೊರಕೆ ಒರಗಿಸಿ ಕಾಯುತ್ತೇವೆ. ಹನ್ನೊಂದಕ್ಕೆ ಊರೆಲ್ಲ ಸೀನು. ಮಧ್ಯಾಹ್ನ ಬಣ್ಣದವರು ಏಣಿ ಹೊತ್ತು ಹೊರಡುತ್ತಾರೆ. ಪ್ರತಿ ಮನೆಗೂ ಅದರದೇ ಬಣ್ಣದವನು ಇರುತ್ತಾನೆ. ಅವನಿಗೆ ಕಾಫಿ ಕೊಟ್ಟು, ಈ ತಿಂಗಳು ಯಾವ ಹೆಸರು ಬರೆಯಬೇಕು ಎಂದು ಹೇಳುತ್ತಾರೆ. ಸೊಸೆ ಬಂದಿದ್ದರೆ ಸೊಸೆಯ ಹೆಸರು ಸೇರುತ್ತದೆ, ಜಗಳವಾಡಿ ಬೇರೆ ಹೋದ ತಮ್ಮನ ಹೆಸರು ಬಿಟ್ಟುಹೋಗುತ್ತದೆ. ಗೋಡೆಯ ಮೇಲೆ ಬರೆದ ಬೈಗುಳಕ್ಕೂ ಒಂದು ತಿಂಗಳಷ್ಟೇ ಆಯಸ್ಸು. ಹಾಗಾಗಿ ನಮ್ಮ ಜನಕ್ಕೆ ಮರೆಯುವುದು ಬಹಳ ಸಲೀಸು.

ಮೂವತ್ತೊಂದು ವರ್ಷದ ಹಿಂದೆ ಒಂದು ಸಂಜೆ ನಮ್ಮ ಕೆರೆ ತುಂಬಿ ಕೋಡಿ ಬೀಳುವ ಹಾಗಾಯಿತು. ಕೋಡಿಯ ನೀರು ಮಹಡಿಮನೆಗಳ ಬಡಾವಣೆಗೆ ನುಗ್ಗುತ್ತದೆ ಎಂದು ಹೆದರಿ, ಪುರಸಭೆಯವರು ಹೇಳದೆ ಕೇಳದೆ ಕೆಳಗೇರಿಯ ಕಡೆಗೆ ತೂಬು ಎತ್ತಿಸಿಬಿಟ್ಟರು. ಕೆಳಗೇರಿಯಲ್ಲಿ ಹನ್ನೊಂದು ಜೀವ ಹೋಯಿತು. ಅದರಲ್ಲಿ ಒಬ್ಬಳು ನನ್ನ ಅಕ್ಕ ದೇವೀರಮ್ಮ. ನಮಗೆ ಅಪ್ಪ ಅಮ್ಮ ಇರಲಿಲ್ಲ, ನನ್ನನ್ನು ಸಾಕಿದವಳೇ ಅವಳು. ಆ ಸಂಜೆ ನಾನು ಬಡಾವಣೆಯ ಮದುವೆಮನೆಯೊಂದರಲ್ಲಿ ಹಿಟ್ಟು ಬೀಸುತ್ತಿದ್ದೆ, ಅದಕ್ಕೇ ಉಳಿದೆ. ಯಾರೂ ಸತ್ತಿಲ್ಲ, ಕೆಲವರು ಕೂಲಿ ಹುಡುಕಿಕೊಂಡು ಊರು ಬಿಟ್ಟಿದ್ದಾರೆ ಎಂದು ಪುರಸಭೆಯವರು ಡಂಗುರ ಹೊಡೆಸಿದರು. ಮುಂದಿನ ಅಮಾವಾಸ್ಯೆಗೆ ಆ ಬಾಗಿಲುಗಳ ಮೇಲಿನ ಹೆಸರುಗಳು ಉದುರಿದವು. ಬೇರೆಯವರು ಬಂದು ಬೇರೆ ಹೆಸರು ಬರೆಸಿಕೊಂಡರು. ಅಲ್ಲಿಗೆ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು.

ಬೋರ್ಡು ಬರೆಯುವ ನಾಗಲಿಂಗಾಚಾರ್ರು ಮುಗಿಯಲು ಬಿಡಲಿಲ್ಲ. ಕೆರೆಯ ಪಕ್ಕದ ಪಂಪ್‌ಹೌಸಿನ ದೊಡ್ಡ ಗೋಡೆಯ ಮೇಲೆ ಆ ಜನರನ್ನೆಲ್ಲ ಬರೆದರು. ಏರಿಯ ಮೇಲೆ ಸಾಲಾಗಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೋ ಎನ್ನುವ ಹಾಗೆ, ಒಬ್ಬೊಬ್ಬರ ಮೂಗು, ಬೈತಲೆ, ಹರಿದ ಅಂಗಿ ಸಮೇತ. ಬರೆದುಕೊಳ್ಳಲಿ ಬಿಡು, ಅಮಾವಾಸ್ಯೆಗೆ ಉದುರುತ್ತದೆ ಎಂದು ಊರಿನವರು ಸುಮ್ಮನಿದ್ದರು. ಅಮಾವಾಸ್ಯೆ ಬಂತು, ಊರೆಲ್ಲ ಉದುರಿತು, ಆ ಗೋಡೆಯ ಚಿತ್ರ ಮಾತ್ರ ಒಂದು ಸಾಸಿವೆಯಷ್ಟೂ ಉದುರಲಿಲ್ಲ. ಅವರ ಬಣ್ಣದ ಡಬ್ಬಗಳನ್ನು ಹೊತ್ತೊಯ್ದು ಮೂಸಿ ನೋಡಿದರು, ಕುದಿಸಿ ನೋಡಿದರು, ಎಲ್ಲರ ಅಂಗಡಿಯಲ್ಲೂ ಸಿಗುವ ಬಣ್ಣವೇ ಅದು. ತೂಬು ಎತ್ತಿಸಿದವರಿಗೆ ನಡುಕ ಹುಟ್ಟಿತು. ಬಣ್ಣದವರಿಗೂ ಹುಟ್ಟಿತು, ಉದುರದ ಬಣ್ಣ ಬಂದರೆ ತಿಂಗಳು ತಿಂಗಳೂ ನಮ್ಮನ್ನು ಕರೆಯುವವರು ಯಾರು ಎಂದು. ಹೀಗೆ ದೊಡ್ಡವರೂ ಬಡವರೂ ಒಂದಾಗಿ ಒಬ್ಬ ಮನುಷ್ಯನ ಮೇಲೆ ಬಿದ್ದರು. ಅವರಿಗೆ ಯಾರೂ ಕೆಲಸ ಕೊಡಲಿಲ್ಲ, ಅಂಗಡಿಯಲ್ಲಿ ಅಕ್ಕಿ ಕೊಡಲಿಲ್ಲ. ಒಂದು ದಿನ ಸಂತೆಯ ನಡುವೆ ಅವರನ್ನು ಕೆಡವಿ ಬಲಗೈಯ ಮೇಲೆ ಕಲ್ಲು ಎತ್ತಿಹಾಕಿದರು. ಅಷ್ಟು ಜನ ಇದ್ದರಲ್ಲ, ಯಾರು ಹಾಕಿದ್ದು ಎಂದರೆ ಎಲ್ಲರೂ ಕಣ್ಣು ತಗ್ಗಿಸಿದ್ದೆವು, ನೋಡಲಿಲ್ಲ ಎಂದರು.

ಇಷ್ಟಾದರೂ ಅವರನ್ನು ಊರಿನಿಂದ ಓಡಿಸಲು ಒಂದು ಕಾರಣ ಬೇಕಿತ್ತು. ಆ ಕಾರಣ ನಾನು. ಗೋಡೆಯ ಮೇಲೆ ಇದ್ದವರು ಹನ್ನೊಂದು ಜನ ಅಲ್ಲ, ಹನ್ನೆರಡು. ಹನ್ನೊಂದು ಜನ ಕೂತಿದ್ದರು, ನನ್ನ ಅಕ್ಕನ ಪಕ್ಕದಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿ ನಿಂತಿದ್ದಳು, ಅದು ನಾನೇ. ಪುರಸಭೆಯವರು ನನ್ನನ್ನು ಆ ಗೋಡೆಯ ಮುಂದೆ ಕರೆತಂದು, ಊರೆಲ್ಲ ಸೇರಿದ ಮೇಲೆ ಕೇಳಿದರು. "ಯಾರಮ್ಮ ನೀನು?" "ಸಣ್ಣತಾಯಿ." "ಬದುಕಿದೀಯ, ಸತ್ತಿದೀಯ?" "ಬದುಕಿದೀನಿ ಸ್ವಾಮಿ." "ಅಷ್ಟೇ ಸಾಕು," ಎಂದರು. ನೋಡಿದಿರಾ, ಬದುಕಿರುವವಳನ್ನೇ ಸತ್ತವರ ಜೊತೆ ಬರೆದಿದ್ದಾನೆ, ಇಡೀ ಚಿತ್ರವೇ ಸುಳ್ಳು ಎಂದು ತೀರ್ಮಾನವಾಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬದುಕಿದೀನಿ, ಆದರೆ ನನ್ನ ಅಕ್ಕ ಬದುಕಿಲ್ಲ ಎಂದು ಸೇರಿಸಬೇಕಿತ್ತು. ನಾಲಿಗೆ ಏಳಲಿಲ್ಲ. ಆಚಾರ್ರು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಮಾರನೆಯ ದಿನ ಅವರನ್ನು ಬಸ್ಸು ಹತ್ತಿಸಿದರು.

ಇನ್ನು ಗೋಡೆ. ಕೆಡವೋಣ ಎಂದರೆ ಊರಿಗೆ ಕುಡಿಯುವ ನೀರು ಬರುವುದೇ ಆ ಪಂಪ್‌ಹೌಸಿನಿಂದ. ಗಾರೆ ಬಳಿಸಿದರು, ಬಳಿದದ್ದು ಅಲ್ಲವೇ, ಅಮಾವಾಸ್ಯೆಗೆ ಅದೂ ಉದುರಿತು. ಕೊನೆಗೆ ಸುಣ್ಣವೇ ಗತಿಯಾಯಿತು. ಪ್ರತಿ ಅಮಾವಾಸ್ಯೆ ಸುಣ್ಣ ಉದುರಿದ ಕೂಡಲೇ ರಸ್ತೆಗೆ ಹಗ್ಗ ಕಟ್ಟಿ, ಹನ್ನೆರಡು ಗಂಟೆಯೊಳಗೆ ಮತ್ತೆ ಸುಣ್ಣ ಹೊಡೆಯಬೇಕು. ಅಲ್ಲಿಯತನಕ ಆ ಕಡೆ ಹೋಗುವವರೆಲ್ಲ ನೆಲ ನೋಡಿಕೊಂಡು ನಡೆಯಬೇಕು. ಇದೇ ಪದ್ಧತಿಯಾಯಿತು. ಮುಚ್ಚುವುದು ಎಂದರೆ ಬಳಿಯುವುದು ಎಂದಷ್ಟೇ ತಿಳಿದ ಊರು ನಮ್ಮದು. ಒಂದು ಗೋಣಿತಾಟು ಇಳಿಬಿಟ್ಟರೆ ಸಾಕಿತ್ತು. ಮೂವತ್ತೊಂದು ವರ್ಷದಲ್ಲಿ ಒಬ್ಬ ಅಧಿಕಾರಿಗೂ ಅದು ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ನಾನೇಕೆ ಹೇಳಲಿ? ಆ ಸುಣ್ಣದ ಕೆಲಸಕ್ಕೆ ಯಾರೂ ಬರದಿದ್ದಾಗ ಪುರಸಭೆಗೆ ಹೋಗಿ, ಕೈಮುಗಿದು, ಕೊಡಿ ಎಂದು ಕೇಳಿ ತೆಗೆದುಕೊಂಡವಳು ನಾನು. ಕೆಳಗೆ ಮೇಸ್ತ್ರಿ ಗವಿಯಪ್ಪ ಸುಣ್ಣ ಕಲಸುತ್ತಾನೆ, ಏಣಿಯ ಮೇಲೆ ನಾನು. ತಿಂಗಳಿಗೆ ಒಂದೂವರೆ ಗಂಟೆ ನನ್ನ ಅಕ್ಕನ ಮುಖ ನನ್ನ ಮುಖದ ಎದುರಿಗೆ ಇರುತ್ತದೆ. ಬೇರೆಲ್ಲ ಮುಗಿಸಿ ಅವಳಿಗೆ ಕೊನೆಯಲ್ಲಿ ಹೊಡೆಯುತ್ತೇನೆ. ಈ ತಿಂಗಳು ಏನೇನಾಯಿತು ಎಂದು ಮೆಲ್ಲಗೆ ಹೇಳುತ್ತೇನೆ. ನನಗಿಂತ ಐದು ವರ್ಷ ದೊಡ್ಡವಳಾಗಿದ್ದವಳು ಈಗ ನನಗೆ ಮಗಳಾಗುವ ವಯಸ್ಸಿನವಳಾಗಿ ಕಾಣುತ್ತಾಳೆ.

ತಬಸ್ಸುಮ್ ನನ್ನ ಮನೆಗೆ ಬಂದದ್ದು ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ. ಅಷ್ಟರಲ್ಲಿ ಊರಿನ ಅರ್ಧ ಜನ ಅವಳ ಕ್ಯಾಮೆರಾ ಮುಂದೆ ಸುಳ್ಳು ಹೇಳಿ ಮುಗಿಸಿದ್ದರು. ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನನಗೆ ಒಳಗೊಳಗೇ ಹಿಗ್ಗು, ಹೊರಗೆ ಗಾಬರಿ. ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ಆ ಪುಣ್ಯಾತ್ಗಿತ್ತಿ ಒಂದು ಮಾತೂ ಆಡದೆ ಕುಡಿದಳು.

"ಅಮ್ಮ, ಚಿತ್ರದಲ್ಲಿ ನಿಂತಿರೋ ಹುಡುಗಿ ನೀವೇ ಅಲ್ವಾ?" ಎಂದಳು.

"ನಿಂಗ್ಯಾರು ಹೇಳಿದ್ದು?"

"ಆಚಾರ್ರೇ ಹೇಳಿದ್ರು. ಎರಡು ವರ್ಷದ ಹಿಂದೆ ಬಹಳ ದೂರದ ಒಂದೂರಲ್ಲಿ ಸಿಕ್ಕಿದ್ರು, ಲಾರಿಗಳಿಗೆ ನಂಬರ್ ಬರೀತಿದ್ರು, ಎಡಗೈಯಲ್ಲಿ. ನಾಲ್ಕು ದಿನ ಕೂತು ಮಾತಾಡಿದ್ರು, ಎಲ್ಲ ರೆಕಾರ್ಡ್ ಮಾಡಿದೀನಿ. ಹೋದ ವರ್ಷ ತೀರಿಕೊಂಡ್ರು."

ತೀರಿಕೊಂಡರು ಎಂದು ಕೇಳಿ ನನಗೆ ಮೊದಲು ಅಳು ಬರಲಿಲ್ಲ, ಸಿಟ್ಟು ಬಂತು. ಮೂವತ್ತೊಂದು ವರ್ಷ ನಾನು ನನ್ನನ್ನು ಸಮಾಧಾನ ಮಾಡಿಕೊಂಡಿದ್ದು ಒಂದೇ ಮಾತಿನಿಂದ. ತಪ್ಪು ನನ್ನದಲ್ಲ, ಅವರದು. "ಅಲ್ಲ ಕಣ್ ತಾಯಿ, ಆ ಮನುಷ್ಯ ನನ್ನ ಯಾಕ್ ಬರೀಬೇಕಾಗಿತ್ತು? ನಾನು ಸತ್ತಿದ್ನಾ? ಸರಿಯಾಗಿ ವಿಚಾರಿಸ್ದೆ ಬರೆದು ತಾನೂ ಹಾಳಾದ, ನನ್ನೂ ಹಾಳು ಮಾಡ್ದ. ಅವನು ಹನ್ನೊಂದೇ ಬರೆದಿದ್ರೆ ನನ್ನ ಯಾರು ಕೇಳ್ತಿದ್ರು?" ಎಂದು ಕೂಗಾಡಿದೆ.

ತಬಸ್ಸುಮ್ ಚೀಲದಿಂದ ಲ್ಯಾಪ್‌ಟಾಪು ತೆಗೆದು ನನ್ನ ಮುಂದೆ ಇಟ್ಟಳು. ಹಲ್ಲಿಲ್ಲದ, ಬೆಳ್ಳಗಾದ ಮುದುಕರೊಬ್ಬರು ಲಾರಿಯ ಚಕ್ರಕ್ಕೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಮುದುಡಿಕೊಂಡಿತ್ತು. ಕಣ್ಣು ಮಾತ್ರ ಅವೇ ಕಣ್ಣು.

"ನನ್ ಚಿತ್ರದಲ್ಲಿ ತಪ್ಪಿಲ್ಲ ಕಣಮ್ಮ," ಎಂದರು ಆಚಾರ್ರು. "ಆ ಹುಡುಗಿ ಬದುಕವ್ಳೆ ಅಂತ ನಂಗೆ ಚೆನ್ನಾಗ್ ಗೊತ್ತಿತ್ತು. ಸತ್ತೋರನ್ನೇ ಬರೆದ್ರೆ ಅವರ ಪರವಾಗಿ ಮಾತಾಡೋರು ಯಾರು? ಅದಕ್ಕೆ ಬದುಕಿರೋ ಒಬ್ಬಳನ್ನ ಅವರ ಮಧ್ಯ ನಿಲ್ಲಿಸ್ದೆ. ಅವಳನ್ನ ಒಂದ್ ಮಾತು ಕೇಳ್ದೆ ನಿಲ್ಲಿಸ್ಬಿಟ್ಟೆ, ಅದೊಂದು ತಪ್ಪು. ಇನ್ನೂ ಎಳೇ ಹುಡುಗಿ, ಅಷ್ಟು ಭಾರ ಹೊರಿಸಬಾರದಾಗಿತ್ತು. ಸಿಕ್ಕಿದ್ರೆ ಹೇಳು, ಆಚಾರಿಗೆ ಬೇಜಾರಿಲ್ಲ ಅಂತ."

ಆಮೇಲೆ ನಾನು ಅತ್ತೆ. ಮುಚ್ಚುಮರೆ ಏನು, ಗೋಡೆಗೆ ತಲೆ ಕೊಟ್ಟು ಹೋ ಎಂದು ಅತ್ತೆ. ಎಲ್ಲರೂ ಕೂತಿದ್ದಾರೆ, ನಾನೊಬ್ಬಳೇ ಏಕೆ ನಿಂತಿದ್ದೇನೆ ಎಂದು ಅಷ್ಟು ವರ್ಷ ಏಣಿಯ ಮೇಲೆ ನಿಂತು ಯೋಚಿಸಿದವಳು ನಾನು! ಮನುಷ್ಯ ನನಗೆ ಒಂದು ಕೆಲಸ ಕೊಟ್ಟು ಹೋಗಿದ್ದಾನೆ, ಮಾಡದೆ ಬಿಟ್ಟಿದ್ದೇನೆ.

"ಅಮಾವಾಸ್ಯೆ ದಿನ ಆ ಗೋಡೆ ಮುಂದೆ ನಿಂತು ನೀವು ಹೇಳಬೇಕಮ್ಮ. ಊರವರು ಹೇಳಿದ್ದು ಒಂದೂ ನನಗೆ ಬೇಡ," ಎಂದಳು ತಬಸ್ಸುಮ್.

"ಹೇಳ್ತೀನಿ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಹೋಗಲಿ, ಒಂದು ಹೊಟ್ಟೆ ಹೇಗೋ ತುಂಬುತ್ತದೆ. ಆದರೆ ಕೆಲಸದ ಜೊತೆ ಏಣಿ ಹೋಗುತ್ತದೆ, ಗೋಡೆ ಹೋಗುತ್ತದೆ, ತಿಂಗಳಿಗೆ ಒಂದೂವರೆ ಗಂಟೆ ಸಿಗುವ ಅಕ್ಕ ಹೋಗುತ್ತಾಳೆ. ಇದನ್ನು ಅವಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಬಲವಂತ ಇಲ್ಲ. ನಾವು ಅಲ್ಲಿರ್ತೀವಿ ಅಷ್ಟೇ," ಎಂದು ಎದ್ದಳು. ನಾಲ್ಕು ದಿನ ನಾನು ಒಂದು ಕಡೆ ಕೂರಲಿಲ್ಲ. ಹೇಳುತ್ತೇನೆ ಎಂದುಕೊಂಡಾಗ ಮೈಯಲ್ಲಿ ಹತ್ತೊಂಬತ್ತರ ಹುರುಪು, ಬೇಡ ಎಂದುಕೊಂಡಾಗ ಎಂಬತ್ತರ ಸುಸ್ತು. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆಯನ್ನು ನಾಲ್ಕು ಸಲ ಹೊರಗೆ ತೆಗೆದು ನಾಲ್ಕು ಸಲ ಒಳಗಿಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಹಸಿರು ಸೀರೆಯನ್ನೇ ಉಟ್ಟು, ಏಣಿ ಹೊತ್ತು ಪಂಪ್‌ಹೌಸಿಗೆ ಹೋದೆ. ಹೋಗಿ ನೋಡಿದರೆ ಗೋಡೆಯೇ ಇಲ್ಲ! ಗೋಡೆಯ ಉದ್ದಗಲಕ್ಕೂ ಒಂದು ಭಾರೀ ಫ್ಲೆಕ್ಸು. "ಸಾಕ್ಷ್ಯಚಿತ್ರ ತಂಡಕ್ಕೆ ಹಾರ್ದಿಕ ಸುಸ್ವಾಗತ" ಎಂದು ಬರೆದು, ಪುರಸಭೆಯ ಸದಸ್ಯರೆಲ್ಲ ಒಬ್ಬರ ಪಕ್ಕ ಒಬ್ಬರು ಕೈಮುಗಿದು ಹಲ್ಲು ಬಿಟ್ಟಿದ್ದರು. ನಡುವೆ ಮುಖ್ಯಾಧಿಕಾರಿ ಸಾಹೇಬರು, ಮೂರಾಳೆತ್ತರ. ಅವರು ಈ ಊರಿಗೆ ವರ್ಗವಾಗಿ ಬಂದು ಇನ್ನೂ ಆರು ತಿಂಗಳು. ಮೂವತ್ತೊಂದು ವರ್ಷ ಯಾವ ಅಧಿಕಾರಿಗೂ ಹೊಳೆಯದೆ ಇದ್ದದ್ದು ಹೊರಗಿನಿಂದ ಬಂದ ಈ ಮಹಾರಾಯರಿಗೆ ಹೊಳೆದಿತ್ತು. "ಇದು ಪ್ರಿಂಟು, ಬಳಿದಿದ್ದಲ್ಲ. ಉದುರೋ ಮಾತೇ ಇಲ್ಲ," ಎಂದು ಸುತ್ತ ಇದ್ದವರಿಗೆ ಹೇಳುತ್ತಾ ಹಿಗ್ಗುತ್ತಿದ್ದರು. ನನ್ನನ್ನು ಕಂಡು, "ಇನ್ನು ಮೇಲೆ ನಿನಗೆ ಇಲ್ಲಿ ಕೆಲಸ ಇಲ್ಲಮ್ಮ. ಈ ಫ್ಲೆಕ್ಸು ಶಾಶ್ವತ. ನೀನು ಮಾರ್ಕೆಟ್ಟಿನ ಗೋಡೆಗೆ ಹೋಗು," ಎಂದರು.

ಅಷ್ಟೇ. ನಾಲ್ಕು ದಿನ ಏನು ಕಳೆದುಕೊಂಡೇನು ಎಂದು ಹೆದರಿ ಸತ್ತೆನೋ ಅದನ್ನು ಆ ಮನುಷ್ಯ ನಾಲ್ಕು ಮಾತಿನಲ್ಲಿ ಕಿತ್ತುಕೊಂಡ. ನನಗೆ ನಗು ಬಂದುಬಿಟ್ಟಿತು, ನಿಜವಾಗಿ. ಇನ್ನು ಯಾರಿಗೆ ಹೆದರುವುದು?

ಜನ ಸೇರಿದ್ದರು. ಕ್ಯಾಮೆರಾ ಇದೆ ಎಂದು ಅವತ್ತು ಹಗ್ಗ ಕಟ್ಟಿರಲಿಲ್ಲ. ಆದರೂ ಅಭ್ಯಾಸಬಲದಿಂದ ಎಲ್ಲರ ಕಣ್ಣೂ ನೆಲದ ಮೇಲೆಯೇ ಇತ್ತು. ತಬಸ್ಸುಮ್ ಮುಖ ಸಪ್ಪಗಾಗಿತ್ತು, ವಿಲ್ಸನ್ ಕ್ಯಾಮೆರಾವನ್ನು ಕಾಲಬಳಿ ಇಳಿಸಿದ್ದ. ಹತ್ತೂವರೆಯಾಯಿತು. ಮೊದಲು ಜೀಪಿನ ಬಾಗಿಲ ಕೆಂಪಕ್ಷರ ಸುರಿಯಿತು, ಪಕ್ಕದ ಟೀ ಅಂಗಡಿಯ ಬೋರ್ಡು ಖಾಲಿಯಾಯಿತು. ಪಂಪ್‌ಹೌಸಿನ ಬಾಗಿಲ ನೀಲಿ ಬಣ್ಣ ಹೊಸ್ತಿಲ ಮೇಲೆ ರಾಶಿ ಬಿತ್ತು. ಫ್ಲೆಕ್ಸಿನ ಕೆಳಗಿನಿಂದ ಬೆಳ್ಳನೆಯ ಪುಡಿ ಹೊರಗೆ ಹರಿದು ಬಂತು. ಒಳಗೆ ನನ್ನ ಸುಣ್ಣ ಉದುರಿತ್ತು. ಅಕ್ಕ ಎದುರಿಗೆ ಬಂದು ನಿಂತಿದ್ದಾಳೆ, ನಡುವೆ ಒಂದು ಪ್ಲಾಸ್ಟಿಕ್ಕು.

ಏಣಿ ಇಟ್ಟೆ, ಹತ್ತಿದೆ. ಫ್ಲೆಕ್ಸಿಗೆ ಮೇಲೆ ನಾಲ್ಕು ಗಂಟು. ಮೊದಲನೆಯ ಗಂಟಿಗೆ ಕೈ ಹಾಕಿದಾಗ ಯಾರಿಗೂ ಅರ್ಥವಾಗಲಿಲ್ಲ. ಗಂಟು ಬಿಚ್ಚಿ ಒಂದು ಮೂಲೆ ಜೋತಾಗ ಸಾಹೇಬರು ಕೂಗಿಕೊಂಡರು. "ಏಯ್! ಏನ್ ಮಾಡ್ತಿದೀಯ? ಗವಿಯಪ್ಪ, ಇಳಿಸಯ್ಯ ಅವಳನ್ನ!"

"ಸಣ್ಣತಾಯಿ, ಬ್ಯಾಡ, ಇಳಿ ಕೆಳಿಕೆ," ಎಂದ ಗವಿಯಪ್ಪ. ಅವನು ಯಾವಾಗಲೂ ಹೀಗೆಯೇ, ಬೇಗ ಹೊಡಿ, ಬೇಗ ಇಳಿ ಎಂದು ಅವಸರ ಮಾಡುತ್ತಲೇ ಇರುತ್ತಾನೆ. ಇನ್ನೊಂದು ವರ್ಷಕ್ಕೆ ನಿವೃತ್ತಿ ಅವನಿಗೆ.

"ನೀನೇ ಬಂದು ಇಳಿಸ್ಕೊ ಮೇಸ್ತ್ರಿ," ಎಂದೆ. ಅವನು ಏಣಿಯ ತನಕ ಬಂದವನು ಅಲ್ಲೇ ನಿಂತ. ನಾನು ಏಣಿ ಸರಿಸಿ ಸರಿಸಿ ಎರಡನೆಯದು, ಮೂರನೆಯದು ಬಿಚ್ಚಿದೆ. ನಾಲ್ಕನೆಯದು ಬಿಗಿದುಕೊಂಡಿತ್ತು, ಹಲ್ಲಿನಿಂದ ಎಳೆದೆ. ಸಾಹೇಬರು, ಸದಸ್ಯರು, ನಮಸ್ಕಾರ, ಸುಸ್ವಾಗತ, ಎಲ್ಲ ಒಟ್ಟಿಗೆ ದಡಾರನೆ ಮಣ್ಣಿಗೆ ಬಿತ್ತು. ಸುಣ್ಣದ ಪುಡಿ ಎದ್ದು ಒಂದು ಕ್ಷಣ ಯಾರಿಗೂ ಏನೂ ಕಾಣಲಿಲ್ಲ. ಪುಡಿ ಇಳಿದಾಗ ವಿಲ್ಸನ್ ಕ್ಯಾಮೆರಾ ಹೆಗಲಿಗೇರಿಸಿದ್ದ.

ನಾನು ಏಣಿ ಇಳಿದು, ಗೋಡೆಗೆ ಬೆನ್ನು ಕೊಟ್ಟು, ಚಿತ್ರದಲ್ಲಿ ನಿಂತಿದ್ದ ಹುಡುಗಿಯ ಕೆಳಗೇ ನಿಂತೆ. ಏನು ಹೇಳಬೇಕು ಎಂದು ನಾಲ್ಕು ದಿನ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಾನು ಸಣ್ಣತಾಯಿ. ಬದುಕಿದೀನಿ," ಎಂದೆ. ಉಸಿರು ತೆಗೆದುಕೊಂಡೆ. "ಇವಳು ನಮ್ಮಕ್ಕ ದೇವೀರಮ್ಮ. ಇವಳು ಬದುಕಿಲ್ಲ. ತೂಬು ಎತ್ತಿದ್ ದಿನ ಸತ್ತೋದ್ಲು. ಕೂಲಿಗೆ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ನಾಲೆ ತುದೀಲಿ ಸಿಕ್ಕಿದ್ಲು, ನಾನೇ ಹೂತಿದೀನಿ. ಆಚಾರ್ರು ಬರೆದಿದ್ದು ನಿಜ. ಅವತ್ತು ನಾನು ಅರ್ಧ ಹೇಳ್ದೆ, ಉಳಿದರ್ಧ ಇವತ್ತು ಹೇಳ್ತ ಇದೀನಿ."

ಹೇಳಿಬಿಟ್ಟೆ! ಮೈ ಹಗುರವಾಗಿ ಹಾರಿಹೋಗುತ್ತೇನೆ ಎನ್ನಿಸಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲುವುದುಂಟೇ? ತಿರುಗಿ ಒಬ್ಬೊಬ್ಬರನ್ನೂ ತೋರಿಸಿದೆ. ಇವನು ಹುಚ್ಚವೀರ, ಎತ್ತಿನ ಲಾಳ ಕಟ್ಟುತ್ತಿದ್ದ. ಇವರಿಬ್ಬರು ಅವನ ಮಕ್ಕಳು. ಈ ಮುದುಕಿ ಸೂಲಗಿತ್ತಿ ಗಂಗವ್ವ, ಇಲ್ಲಿರುವವರಲ್ಲಿ ಎಷ್ಟೋ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು. ಒಂದೊಂದು ಹೆಸರು ಹೇಳಿದ ಹಾಗೂ ಗುಂಪಿನಲ್ಲಿ ಒಂದೊಂದು ತಲೆ ಮೇಲೆದ್ದಿತು. ಮೂವತ್ತೊಂದು ವರ್ಷದಲ್ಲಿ ಮೊದಲನೆಯ ಸಲ ಆ ಊರು ಆ ಗೋಡೆಯನ್ನು ಕಣ್ಣೆತ್ತಿ ನೋಡುತ್ತಿತ್ತು. ಕ್ಯಾಮೆರಾದ ಮುಂದೆ ಕಣ್ಣೊರೆಸಿಕೊಂಡಿದ್ದ ಮೇಷ್ಟರು ಈಗ ಸುಮ್ಮನೆ ಬಾಯಿ ತೆರೆದು ನಿಂತಿದ್ದರು. ಸಾಹೇಬರು ಫೋನು ಹಿಡಿದು ಯಾರಿಗೋ ಕೂಗುತ್ತಿದ್ದರು, ಅವರ ಕಡೆಗೆ ತಿರುಗಿದವರು ಯಾರೂ ಇರಲಿಲ್ಲ.

ಹತ್ತು ಹೆಸರಾಯಿತು, ಹತ್ತನೆಯದು ತೊಳಸಮ್ಮ. ಕೊನೆಯಲ್ಲಿ ಉಳಿದದ್ದು ಅವಳ ಮಡಿಲಲ್ಲಿದ್ದ ಮಗು. ತಲೆಯಲ್ಲಿ ಒಂದು ಕುಲಾವಿ, ಬಾಯಲ್ಲಿ ಬೆರಳು. ನಾನು ತಡವರಿಸಿದೆ. "ಈ ಕೂಸು ಯಾರ್ದು ಅಂತ ನಂಗೊತ್ತಿಲ್ಲ," ಎಂದೆ ಕ್ಯಾಮೆರಾಕ್ಕೆ. "ತೊಳಸಮ್ಮಂಗೆ ಮಕ್ಕಳಿರ್ಲಿಲ್ಲ. ಪ್ರತಿ ತಿಂಗಳು ಸುಣ್ಣ ಹೊಡೀವಾಗ ಕೇಳ್ತೀನಿ, ಯಾರ್ ಮಗಾ ನೀನು ಅಂತ. ಇದೊಂದರ ಹೆಸರು ನಾನು ಹೇಳಕ್ಕಾಗಲ್ಲ, ಕ್ಷಮಿಸ್ಬೇಕು."

"ಮುದ್ದುರಂಗ," ಎಂದಿತು ಒಂದು ದನಿ.

ಯಾರು ಎಂದು ಎಲ್ಲರೂ ಹುಡುಕಿದರು. ಏಣಿಯ ಪಕ್ಕ ನಿಂತಿದ್ದ ಗವಿಯಪ್ಪ. ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ. "ಒಂಬತ್ ತಿಂಗ್ಳು ಆಗಿತ್ತು," ಎಂದ. "ನಮ್ಮನೇಲಿ ಅವ್ಳಿಗೆ ಜ್ವರ. ಒಂದ್ ಸಂಜೆ ಮಟ್ಟಿಗೆ ನೋಡ್ಕಳವ್ವ ಅಂತ ತೊಳಸಮ್ಮನ ಕೈಗೆ ಕೊಟ್ಟು ಬಂದೆ. ಮಗ ಎಲ್ಲಿ ಅಂದೋರಿಗೆಲ್ಲ ಅತ್ತೆ ಮನೇಲಿ ಬೆಳೀತಾವ್ನೆ ಅಂದೆ. ಕೆಲಸ ಹೋಗ್ತದೆ ಅಂತ ಹೆದರ್ಕಂಡೆ." ಏಣಿಯ ಕೆಳಗೆ ಸುಣ್ಣ ಕಲಸುತ್ತಾ, ಬೇಗ ಹೊಡಿ ಸಣ್ಣತಾಯಿ, ಬೇಗ ಎಂದು ಅವನು ಏಕೆ ಗೋಗರೆಯುತ್ತಿದ್ದ ಎಂದು ಆಗ ತಿಳಿಯಿತು.

"ಮೇಸ್ತ್ರಿ," ಎಂದೆ, "ತಲೆ ಎತ್ತು. ಚೆನ್ನಾಗವ್ನೆ ನಿನ್ ಮಗ."

ಗವಿಯಪ್ಪ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ಬಂದ. ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು. ಮೂವತ್ತೊಂದು ವರ್ಷ ನನಗೆ ಸುಣ್ಣ ಕಲಸಿಕೊಟ್ಟ ಮನುಷ್ಯ, ಹೆಗಲ ಮೇಲಿನ ಟವೆಲು ತೆಗೆದು, ಕೈ ಮೇಲೆ ಚಾಚಿ, ಮಗುವಿನ ಕೆನ್ನೆಗೆ ಅಂಟಿಕೊಂಡಿದ್ದ ಸುಣ್ಣದ ಪುಡಿಯನ್ನು ನೋವಾಗದ ಹಾಗೆ ಒರೆಸತೊಡಗಿದ.